ಹೊಟ್ಟೆ ತೊಳೆದ ನೀರಿನ ಹಳದಿ

ಮೂರನೇ ತರಗತಿಗೆ ಏಳರ ಮಗ್ಗಿ ಹೇಳಿಸುತ್ತಿದ್ದೆ. ನಡುವೆ ಎದೆಗೂಡಿನ ಕೆಳಗೆ ಕೆಂಡ ಇಟ್ಟಂತಾಯಿತು. ಉರಿ ಹೊಸದೇನಲ್ಲ. ದೀಪಾವಳಿಯಿಂದಲೂ ಇತ್ತು. ನೀರಿಗೆ ಸೋಡಾ ಪುಡಿ ಹಾಕಿ ಕುಡಿದರೆ ಅಡಗುತ್ತಿತ್ತು. ಅವತ್ತು ಅಡಗಲಿಲ್ಲ. ಶಾಲೆಯ ಹಿಂದಿನ ಬೇವಿನ ಮರದ ತನಕ ಹೋದೆ. ಬಗ್ಗಿದೆ. ವಾಂತಿಯಾಯಿತು.

ಕಾಫಿ ಸೋಸಿದ ಮೇಲೆ ಉಳಿಯುವ ಗಷ್ಟಿನ ಬಣ್ಣ.

ನಾನು ಕಾಫಿ ಕುಡಿದಿರಲಿಲ್ಲ.

ನಾನು ರಾಮಗಿರಿಯ ಪ್ರೈಮರಿ ಶಾಲೆಯ ಟೀಚರು, ರತ್ನಮ್ಮ. ಬಾಯಿ ಜೋರು ಎಂಬ ಹೆಸರಿದೆ, ಇರಲಿ. ಇದನ್ನು ಬರೆಯುವಾಗಲೂ ಕೋಪ ಇಳಿದಿಲ್ಲ. ಇಳಿದ ಮೇಲೆ ಬರಿ ಎಂದರು ಇವರು. ಇವರು ಎಂದರೆ ನನ್ನ ಗಂಡ ಬೀರಪ್ಪ, ಹೊಳಲ್ಕೆರೆ ಸಂತೆಯಲ್ಲಿ ಕಂಬಳಿ ವ್ಯಾಪಾರ ಮಾಡುವವರು. ಕೋಪ ಇಳಿಯುವ ತನಕ ಕಾದರೆ ಎಲ್ಲರೂ ಒಳ್ಳೆಯವರೇ ಎಂದು ಬರೆದುಬಿಡುತ್ತೇನೆ. ಎಲ್ಲರೂ ಒಳ್ಳೆಯವರೇ, ನಿಜ. ಅವರ ಒಳ್ಳೆಯತನದಿಂದಲೇ ನನ್ನ ಹೊಟ್ಟೆ ಕತ್ತರಿಗೆ ಹೋಗುವುದರಲ್ಲಿತ್ತು.

ವಾಂತಿಯಾದ ಮೇಲೆ ಮುದ್ದೆ ಇಳಿಯುವುದು ನಿಂತಿತು. ಎರಡು ತುತ್ತಿಗೇ ಹೊಟ್ಟೆ ತುಂಬಿದಂತೆ. ರವಿಕೆಗಳು ಸಡಿಲವಾದವು. ಸೀರೆಯ ನೆರಿಗೆ ನಾಲ್ಕು ಹೆಚ್ಚಿಗೆ ಬರತೊಡಗಿತು. ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಉಪ್ಪಿಟ್ಟಿನ ವಾಸನೆ ಬಂದರೂ ಹೊಟ್ಟೆ ತೊಳೆಸುತ್ತಿತ್ತು. ನನ್ನ ಅತ್ತೆ ಮಾಳವ್ವ ಜೀರಿಗೆ ಕಷಾಯ ಮಾಡಿದರು, ದೃಷ್ಟಿ ತೆಗೆದರು, ಕೊನೆಗೆ ಮಗನನ್ನು ಬೈದರು. "ಕುರಿ ಕೆಮ್ಮಿದ್ರೆ ಡಾಕ್ಟ್ರ ತಾವ ಓಡ್ತೀಯ, ಹೆಂಡ್ತಿ ಒಣಗ್ತಾ ಅವ್ಳೆ, ಕಾಣಲ್ವೇನೋ?" ಎಂದರು. ಇವರು ಮಾರನೇ ದಿನವೇ ಸಂತೆ ಬಿಟ್ಟು ನನ್ನನ್ನು ಹೊರಡಿಸಿದರು.

ಚಿಕ್ಕಜಾಜೂರಿನಲ್ಲಿ ಗಾಡಿ ಬದಲಿಸಿ ಚಿತ್ರದುರ್ಗಕ್ಕೆ ಹೋದೆವು. ಎಂಜಿನ್ನಿನ ಕರಿ ಬಿದ್ದು ನನ್ನ ಬಿಳಿ ಸೀರೆಯೆಲ್ಲ ಚುಕ್ಕೆ. ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದ ಗೋಡೆಯ ಪಕ್ಕದಲ್ಲಿ ಆಸ್ಪತ್ರೆ. ಡಾಕ್ಟರು ಮೈಸೂರು ಕಡೆಯವರು, ಇನ್ನೂ ಎಳೆಯರು. ಓದು ಮುಗಿಸಿ ಬಂದು ಬಹಳ ಕಾಲವಾಗಿರಲಿಲ್ಲ. ಒಳ್ಳೆಯ ಕೈ ಎಂದು ಊರೆಲ್ಲ ಹೇಳುತ್ತಿತ್ತು.

ನಾನು ಅವರ ಎದುರಿನ ಸ್ಟೂಲಿನ ಮೇಲೆ ಕೂತಿದ್ದೆ. ಅವರು ನನ್ನ ತಲೆಯ ಮೇಲಿಂದ ಇವರನ್ನು ಕೇಳಿದರು.

"ಇವರಿಗೆ ಹಸಿವು ಹೇಗಿದೆ?"

"ಕಡಿಮೆ ಐತ್ರಿ ಸಾರ್."

"ನೋವು ಊಟಕ್ಕೆ ಮುಂಚೆಯೋ, ಆಮೇಲೋ?"

"ಊಟ ಆದ್ಮೇಲೆ ಅನ್ಸುತ್ತೆ ಕಣ್ರಿ."

ಅನಿಸುತ್ತದಂತೆ! ನೋವು ನನ್ನದು, ಅನಿಸುವುದು ಇವರಿಗೆ. "ಊಟಕ್ಕೆ ಮುಂಚೆ" ಎಂದೆ ನಾನು. ಡಾಕ್ಟರು ತಲೆಯಾಡಿಸಿದರು, ಮುಂದಿನ ಪ್ರಶ್ನೆಯನ್ನು ಮತ್ತೆ ಇವರಿಗೇ ಹಾಕಿದರು. ನಮ್ಮ ಕಡೆ ಹೆಣ್ಣಿನ ಮೈಗೆ ಏನಾದರೂ ಗಂಡಸರೇ ವರದಿ ಒಪ್ಪಿಸಬೇಕು. ದಿನಾ ಮಕ್ಕಳಿಗೆ ಪ್ರಶ್ನೆ ಕೇಳುವವಳು ನಾನು, ಅಲ್ಲಿ ಉತ್ತರ ಹೇಳುವ ಯೋಗ್ಯತೆಯೂ ಇರಲಿಲ್ಲ.

ಸುಣ್ಣ ಕದಡಿದ ನೀರಿನಂಥ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಹೊಟ್ಟೆಯ ಕೆಳಗಿನ ಬಾಗಿನಲ್ಲಿ ಏನೋ ಇದೆ ಎಂದರು. ಹುಣ್ಣೋ, ಬೇರೆಯೋ ಹೇಳಲಾಗದು. ಆ 'ಬೇರೆ' ಏನು ಎಂದು ಕೇಳುವಷ್ಟರಲ್ಲಿ ಇವರನ್ನು ವರಾಂಡಕ್ಕೆ ಕರೆದುಕೊಂಡು ಹೋದರು. ಬಾಗಿಲಿನ ಗಾಜಿನ ಆಚೆ ಇಬ್ಬರ ತಲೆಗಳು ಆಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಒಳಗೆ ನಾನೂ ನನ್ನ ಎಕ್ಸ್‌ರೇ ಫಿಲ್ಮೂ.

ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಕೊಟ್ಟರು. ಜ್ವರಕ್ಕೆ ಕೊಡುತ್ತಾರಲ್ಲ, ಅವೇ. ಹಾಲಿನ ಜೊತೆ ನುಂಗಬೇಡಿ ಎಂದರು. ಐದು ದಿನ ನುಂಗಿ, ಆಮೇಲೆ ನಿಲ್ಲಿಸಿ ಬಂದು ಅಡ್ಮಿಟ್ ಆಗಬೇಕು, ಹೊಟ್ಟೆ ತೊಳೆದು ನೋಡುತ್ತಾರೆ. ಏನು ನೋಡುತ್ತಾರೆ ಎಂದು ನನಗೆ ಯಾರೂ ಹೇಳಲಿಲ್ಲ. ಗಾಡಿಯಲ್ಲಿ ಇವರನ್ನು ಕೇಳಿದೆ. "ಅದೇನೋ ಟೆಸ್ಟು. ನಿಂಗ್ಯಾಕೆ?" ಎಂದು ಕಿಟಕಿಯ ಕಡೆ ತಿರುಗಿದರು.

ಹೊಟ್ಟೆ ತೊಳೆಯುವ ದಿನ ಬೆಳಗ್ಗೆ ವಾರ್ಡಿನಲ್ಲಿದ್ದೆ. ಮಂಚದ ಕೆಳಗೆ ಕಂಬಳಿ ಹಾಸಿ ಮಲಗಿದ್ದ ಅತ್ತೆ ಎದ್ದು ನನ್ನ ಕಾಲ ಹತ್ತಿರ ಕೂತರು.

"ಹೆದ್ರಿಕೆ ಆಗ್ತೈತೇನವ್ವ?"

ಆ ಆಸ್ಪತ್ರೆಯಲ್ಲಿ ನನ್ನನ್ನು ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಹೌದು ಎಂದೆ. ಅವರು ಸೊಂಟದ ಚೀಲ ಬಿಚ್ಚಿದರು. ನಮ್ಮ ಮನೆದೇವರು ಮೈಲಾರಲಿಂಗ. ಅವನ ಭಂಡಾರ ಎಂದರೆ ಅರಿಶಿನ ಪುಡಿ, ನಮ್ಮ ಮನೆಯಲ್ಲಿ ಅದಿಲ್ಲದೆ ಯಾವುದೂ ನಡೆಯುವುದಿಲ್ಲ. ಕುರಿ ಮಂದೆ ಹೊರಟರೂ ಭಂಡಾರ, ಮಗು ಬೆಚ್ಚಿದರೂ ಭಂಡಾರ. ಹಣೆಗೆ ಹಚ್ಚಿ, ಬಾಯಿಗೂ ಹಾಕುವುದು ಪದ್ಧತಿ. "ಏಳುಕೋಟಿ" ಎಂದು ಮೈಲಾರನ ಜೈಕಾರ ಹಾಕುತ್ತ ಅತ್ತೆ ನನ್ನ ಹಣೆ ತುಂಬ ಬಳಿದರು, ನಾಲಿಗೆಯ ಮೇಲೆ ಧಾರಾಳವಾಗಿಯೇ ಹಾಕಿದರು. ಸೊಸೆಗೆ ಕೊಡುವಾಗ ಅವರ ಕೈ ಎಂದೂ ಹಿಡಿತದಲ್ಲಿ ಇರುವುದಿಲ್ಲ. ಉಗುಳು ಸೇರಿಸಿ ನುಂಗಿದೆ. ಧೈರ್ಯ ಬಂತು, ಸುಳ್ಳು ಹೇಳುವುದಿಲ್ಲ.

ನರ್ಸ್ ಬಂದು ಹಣೆ ಒರೆಸಿದಳು. ಅತ್ತೆಯನ್ನು ಹೊರಗೆ ಕಳಿಸಿದಳು. ಮೂಗಿನೊಳಗೆ ರಬ್ಬರ್ ಟ್ಯೂಬ್ ಇಳಿಸಿದರು. ಕಣ್ಣಲ್ಲಿ ನೀರು, ಗಂಟಲಲ್ಲಿ ಓಕರಿಕೆ. ಟ್ಯೂಬ್ ಹೊಟ್ಟೆ ಮುಟ್ಟಿದ ಮೇಲೆ ಡಾಕ್ಟರು ಬಾಗಿಲ ಬಳಿ ನಿಂತಿದ್ದ ಇವರನ್ನು ಕೇಳಿದರು.

"ಖಾಲಿ ಹೊಟ್ಟೆ ತಾನೇ?"

"ಹೌದ್ರಿ ಸಾರ್. ನೀರೂ ಮುಟ್ಟಿಲ್ಲ."

ಇವರು ಆಗತಾನೇ ಲಾಡ್ಜಿನಿಂದ ಬಂದಿದ್ದರು.

ನಾನು ಬಾಯಿ ತೆಗೆಯುವ ಸ್ಥಿತಿಯಲ್ಲಿ ಇರಲಿಲ್ಲ. ತೆಗೆಯುವಂತಿದ್ದರೂ ಭಂಡಾರವನ್ನು ಆಹಾರದ ಲೆಕ್ಕಕ್ಕೆ ಸೇರಿಸುತ್ತಿದ್ದಿರಾ ಎಂದು ಡಾಕ್ಟರು ಆಮೇಲೆ ವಾದ ಮಾಡಿದರು. ಇರಬಹುದು, ಸೇರಿಸದೇ ಇರಬಹುದು. ಕೇಳಿ ನೋಡಬೇಕಿತ್ತು.

ಸಂಜೆ ಹೊತ್ತಿಗೆ ಇವರು ವಾರ್ಡಿಗೆ ಬಂದರು. ಮುಖ ತೊಳೆದುಕೊಂಡು ಬಂದಿದ್ದರು. "ಹುಣ್ಣಂತೆ. ಬೆಂಗ್ಳೂರಾಗೆ ಒಂದು ಸಣ್ಣ ಆಪರೇಷನ್ ಮಾಡಿದ್ರೆ ಸರಿ ಹೋಗುತ್ತಂತೆ. ಡಾಕ್ಟ್ರೇ ಕಾಗ್ದ ಬರೀತಾರೆ." ಸಣ್ಣ ಆಪರೇಷನ್ನಿಗೆ ದುರ್ಗದಲ್ಲಿ ಕತ್ತರಿ ಇಲ್ಲವೇ ಎಂದು ಕೇಳಿದೆ. ನಕ್ಕರು. ಇವರಿಗೆ ನಗಲು ಬರುವುದಿಲ್ಲ. ಮದುವೆಯ ಫೋಟೋದಲ್ಲೂ ನಕ್ಕಿಲ್ಲ.

ಊರಿಗೆ ಬಂದ ಮೇಲೆ ಶುರುವಾಯಿತು ಉಪಚಾರ. ಇವರು ನನ್ನ ಜೊತೆ ಜಗಳ ನಿಲ್ಲಿಸಿದರು. ಹದಿನೇಳು ವರ್ಷದ ಸಂಸಾರದಲ್ಲಿ ಇದು ಎಂದೂ ಆಗಿರಲಿಲ್ಲ, ಮೊದಲ ಅನುಮಾನ ಅಲ್ಲೇ ಬಂತು. ಸಾರಿಗೆ ಉಪ್ಪು ಹೆಚ್ಚಾಗಿದ್ದರೂ "ಚೆನ್ನಾಗೈತೆ" ಎನ್ನುವರು. ಹೆಡ್ಮಾಸ್ಟರು ಮನೆಗೇ ಬಂದು, ರಜೆ ಎಷ್ಟು ಬೇಕಾದರೂ ತಗೊಳ್ಳಿ ಎಂದರು. ಒಂದು ದಿನದ ಸಿ.ಎಲ್. ಕೊಡಲು ಒದ್ದಾಡುವ ಮನುಷ್ಯ! ಬೀದಿಯ ಹೆಂಗಸರು ಕಿತ್ತಳೆ ಹಣ್ಣು ತಂದರು. ಬಂದವರು ಹೊಸಿಲ ಮೇಲೆ ನಿಂತು ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡುತ್ತಿದ್ದರು. ಆ ನೋಟ ಎಲ್ಲಿ ನೋಡಿದ್ದೇನೆ ಎಂದು ಯೋಚಿಸಿದೆ. ಹೆಣದ ಮನೆಯಲ್ಲಿ ನೋಡಿದ್ದೆ.

ಹಿರಿಯೂರಿನಿಂದ ನನ್ನ ಚಿಕ್ಕಮ್ಮ ಬಸ್ಸಿನಲ್ಲಿ ಬಂದಳು. ಚೀಲದ ತುಂಬ ತೆಂಗಿನಕಾಯಿ. ಕಾಯಿ ಇಳಿಸಿ, ಕಾಲು ತೊಳೆಯುವುದಕ್ಕೂ ಮುಂಚೆ ನನ್ನನ್ನು ತಬ್ಬಿಕೊಂಡು ಗೊಳೋ ಎಂದಳು.

"ನಿನ್ನಂಥೋಳಿಗೆ ಯಾಕೆ ಕೊಟ್ಟ ದೇವ್ರು ಈ ಕ್ಯಾನ್ಸರ್‍ನ?"

ಕ್ಯಾನ್ಸರ್.

ಅಡುಗೆಮನೆಯಲ್ಲಿ ಅತ್ತೆಯ ಕೈಯಿಂದ ಲೋಟ ಬಿತ್ತು. ಚಿಕ್ಕಮ್ಮ ತಪ್ಪು ಮಾಡಿದವಳಂತೆ ಬಾಯಿಗೆ ಸೆರಗು ಹಿಡಿದಳು. ಅವಳೊಬ್ಬಳೇ ತಪ್ಪು ಮಾಡದವಳು. ರಾಮಗಿರಿಗೆ ಗೊತ್ತು, ಹಿರಿಯೂರಿಗೂ ಗೊತ್ತು, ರೋಗ ಹೊತ್ತವಳಿಗೆ ಗೊತ್ತಿಲ್ಲ. ಸಾಯುವ ಭಯ ಹಿಡಿಯಿತು. ಅದರ ಹಿಂದೆಯೇ ಕೋಪ ಬಂತು, ಅದೇ ನನ್ನನ್ನು ಎದ್ದು ನಿಲ್ಲಿಸಿತು.

ಇವರು ಸಂತೆಯಿಂದ ಬಂದು ಕಂಬಳಿ ಹೊರೆ ಇಳಿಸುವುದಕ್ಕೂ ಬಿಡಲಿಲ್ಲ.

"ನಂಗೆ ಏನಾಗೈತೆ? ನೀವೇ ಹೇಳ್ರಿ. ಊರು ಹೇಳಿದ್ದು ಸಾಕು."

ಹೊರೆ ಹೊತ್ತುಕೊಂಡೇ ನಿಂತರು. ಚಿಕ್ಕಮ್ಮನನ್ನು ನೋಡಿದರು, ಅರ್ಥವಾಯಿತು.

"ನಿನ್ ಎದೆ ಒಡೀಬಾರ್ದು ಅಂತ ಹೇಳ್ಲಿಲ್ಲ ಕಣೇ. ಡಾಕ್ಟ್ರೂ ಹಂಗೇ ಅಂದ್ರು. ಮುಕ್ಕಾಲು ಹೊಟ್ಟೆ ತೆಗೀಬೇಕಂತೆ."

"ಕೇಳದೆ ನನ್ ಹೊಟ್ಟೆ ತೆಗೆಸ್ತೀರಿ, ಎದೆ ಮಾತ್ರ ಕಾಪಾಡ್ತೀರಿ! ಕ್ಯಾನ್ಸರ್ ಅಂತ ಹೆಂಗೆ ಗೊತ್ತಾಯ್ತು ಅವ್ರಿಗೆ?"

ಇವರು ಹೊರೆ ಇಳಿಸಿ ಅದರ ಮೇಲೆಯೇ ಕೂತರು. ಡಾಕ್ಟರು ಹೇಳಿದ್ದನ್ನು ತಮಗೆ ತಿಳಿದಷ್ಟು ಹೇಳಿದರು. ಆ ಕ್ಯಾಪ್ಸೂಲಿನ ಔಷಧಿ ಮೈಯೆಲ್ಲ ಹರಡುತ್ತದೆ. ನಿಲ್ಲಿಸಿದ ಮೇಲೆ ಆರೋಗ್ಯವಾಗಿರುವ ಜೀವಕೋಶ ಅದನ್ನು ಬಿಟ್ಟುಬಿಡುತ್ತದೆ, ಕ್ಯಾನ್ಸರಿನ ಕೋಶ ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಹೊಟ್ಟೆ ತೊಳೆದ ನೀರಿನ ಗಸಿಯನ್ನು ಕಾಗದದ ಮೇಲೆ ಒಣಗಿಸಿ ಕತ್ತಲೆ ಕೋಣೆಯಲ್ಲಿ ಒಂದು ಥರದ ಲ್ಯಾಂಪಿನ ಕೆಳಗೆ ಇಡುತ್ತಾರೆ. ಔಷಧಿ ಉಳಿದಿದ್ದರೆ ಕಾಗದ ಹೊಳೆಯುತ್ತದೆ.

"ನಂಗೂ ತೋರಿಸಿದ್ರು. ಮಿಣುಕು ಹುಳದಂಗೆ ಹೊಳೀತಿತ್ತು. ಹಳದಿ."

ಹಳದಿ.

ನಾನು ಅಡುಗೆಮನೆ ಬಾಗಿಲ ಕಡೆ ನೋಡಿದೆ. ಅತ್ತೆ ಅಲ್ಲೇ ನಿಂತಿದ್ದರು. ಅವರ ಕೈ ಸೊಂಟದ ಭಂಡಾರದ ಚೀಲದ ಮೇಲಿತ್ತು. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು. ಅವತ್ತು ಬೆಳಗ್ಗೆ ಭಂಡಾರ ನುಂಗಿದ್ದನ್ನು ಇವರಿಗೆ ಹೇಳಿದೆ.

ಇಷ್ಟು ದಿನ ಕಾಗದ ಹಳದಿಯಾದ ವಿಷಯ ಗಂಡಸರ ಹತ್ತಿರ ಇತ್ತು. ಭಂಡಾರ ನುಂಗಿದ ವಿಷಯ ನಮ್ಮ ಹತ್ತಿರ ಇತ್ತು. ನಡುವೆ ಒಂದು ಗೋಡೆ, ಅದಕ್ಕೆ ಪ್ರೀತಿ ಎಂದು ಹೆಸರು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಹೊಟ್ಟೆಯ ಹುಣ್ಣಿಗೆ ಬೇಕು, ಒಪ್ಪುತ್ತೇನೆ. ಆ ಕನ್ನಡಿಯನ್ನು ನನಗೆ ಮಾತ್ರ ತೋರಿಸದೆ ಊರಿಗೆಲ್ಲ ಹಿಡಿದರಲ್ಲ, ಅದೇ ನನ್ನ ಜಗಳ.

"ಡಾಕ್ಟ್ರಿಗೆ ಅರಿಶಿನ ಯಾವುದು, ಕ್ಯಾನ್ಸರ್ ಯಾವುದು ಗೊತ್ತಾಗಲ್ವೇನೇ?" ಎಂದರು ಇವರು. ಗೊತ್ತಾಗುತ್ತೋ ಇಲ್ಲವೋ ಅವರನ್ನೇ ಕೇಳೋಣ ಎಂದೆ. ಬೆಂಗಳೂರಿಗೆ ಹೊರಡುವ ದಿನ ಹತ್ತಿರವಿತ್ತು. ಮಾರನೇ ಬೆಳಗ್ಗೆಯೇ ಮೂವರೂ ದುರ್ಗದ ಗಾಡಿ ಹತ್ತಿದೆವು.

ಡಾಕ್ಟರು ನನ್ನನ್ನು ನೋಡಿ ಇವರಿಗೆ ಹೇಳಿದರು, "ಬೀರಪ್ಪನವರೇ, ಪೇಷಂಟನ್ನು ಯಾಕೆ ಕರೆದುಕೊಂಡು ಬಂದಿರಿ? ನಾನು ಹೇಳಿದ್ದೆನಲ್ಲ..."

"ಪೇಷಂಟೇ ಇವ್ರನ್ನ ಕರ್ಕೊಂಡು ಬಂದೈತ್ರಿ" ಎಂದೆ. ಅತ್ತೆಯ ಚೀಲವನ್ನು ಅವರ ಮೇಜಿನ ಮೇಲಿಟ್ಟೆ. "ಇದನ್ನ ನಿಮ್ಮ ಲ್ಯಾಂಪಿನ ಕೆಳಗೆ ಇಡ್ರಿ. ಹೊಟ್ಟೆ ತೊಳೆಯೋಕೆ ಮುಂಚೆ ನುಂಗಿದ್ದೆ."

ಅವರಿಗೆ ಸಿಟ್ಟು ಬಂತು. ಮುಖ ಕೆಂಪಾಯಿತು. ಟೆಸ್ಟ್ ಬಗ್ಗೆ ಇಂಗ್ಲಿಷಿನಲ್ಲಿ ಏನೋ ಶುರು ಮಾಡಿದರು. ನಾನು ಕುರ್ಚಿ ಎಳೆದು ಕೂತೆ. ಹಟ ಹಿಡಿದ ಮಕ್ಕಳ ಎದುರು ಕೂತು ಅಭ್ಯಾಸವಿದೆ ನನಗೆ. ಕೊನೆಗೆ ಎದ್ದರು.

ಲ್ಯಾಂಪಿನ ಕೋಣೆಯ ಕಿಟಕಿಗೆ ಬೆಳಕು ಬಾರದಂತೆ ಕಂಬಳಿ ಹೊದಿಸಿದ್ದರು. ಇವರ ಕೈ ಅಭ್ಯಾಸದಂತೆ ಅದರ ಅಂಚು ಮುಟ್ಟಿ ನೋಡಿತು. ಅಂತೂ ಈ ಸಲ ನಾನೂ ಒಳಗೆ ನಿಂತೆ. ಲ್ಯಾಂಪ್ ಹಾಕಿದರು. ಅದು ಬೆಳಕೋ ಕತ್ತಲೆಯೋ ಹೇಳಲು ಬಾರದ ನೇರಳೆ. ನನ್ನ ಬಿಳಿ ಸೀರೆಯ ಅಂಚು ನೀಲಿಯಾಯಿತು. ಡಾಕ್ಟರು ಫಿಲ್ಟರ್ ಪೇಪರಿನ ಮೇಲೆ ಒಂದು ಕಡೆ ಕ್ಯಾಪ್ಸೂಲ್ ಒಡೆದು ಪುಡಿ ಉದುರಿಸಿದರು. ಇನ್ನೊಂದು ಕಡೆ ಭಂಡಾರವನ್ನು ನೀರಲ್ಲಿ ಕಲಸಿ ಸವರಿದರು. ಲ್ಯಾಂಪಿನ ಕೆಳಗೆ ಇಟ್ಟರು.

ಎರಡೂ ಹೊಳೆದವು.

ಔಷಧಿಗಿಂತ ನಮ್ಮ ಮೈಲಾರನೇ ಒಂದು ಕೈ ಮೇಲೆ. ಅದರ ಹಳದಿಯಲ್ಲಿ ಸ್ವಲ್ಪ ಹಸಿರು ಹೆಚ್ಚು, ಅಷ್ಟೇ. ನನ್ನ ಹಿಂದೆ ಅತ್ತೆ "ಏಳುಕೋಟಿ" ಎಂದು ಕೈ ಮುಗಿದರು. ಡಾಕ್ಟರು ಎರಡು ಕಲೆಗಳನ್ನೂ ಹೋಲಿಸಿ ನೋಡಿದರು.

"ತೊಳೆದ ನೀರೇ ಹಳದಿಯಾಗಿತ್ತು. ಪಿತ್ತ ಅಂದುಕೊಂಡೆ" ಎಂದರು. ಆಮೇಲೆ, "ಅವತ್ತೇ ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರು ನನ್ನ?"

ಅವರು ಲ್ಯಾಂಪ್ ಆರಿಸಿದರು. ಕಂಬಳಿ ಸರಿಸಿದರು. ಬಿಸಿಲು ಬಂತು. ನಾನು ಗೆದ್ದವಳಂತೆ ನಿಂತಿದ್ದೆ. ಆಗ ಅವರು ಮೊದಲ ಸಲ ನನ್ನ ಮುಖ ನೋಡಿ ಹೇಳಿದರು, "ಇದರಿಂದ ನಿಮಗೆ ಕ್ಯಾನ್ಸರ್ ಇಲ್ಲ ಅಂತ ಆಗಲಿಲ್ಲ, ಟೀಚರ್. ಟೆಸ್ಟ್ ಕೆಟ್ಟಿತು ಅಂತ ಮಾತ್ರ ಆಯಿತು. ಎಕ್ಸ್‌ರೇ ಹಾಗೇ ಇದೆ."

ನಿಜ. ಮೂರೇ ವಾಕ್ಯದಲ್ಲಿ ನನ್ನ ಗೆಲುವು ಇಳಿಯಿತು. ಆದರೂ ಆ ಮಾತು ನನಗೆ ಹೇಳಿದರಲ್ಲ, ಅದಕ್ಕೆ ಅವರ ಮೇಲಿನ ಅರ್ಧ ಕೋಪ ಬಿಟ್ಟೆ. ಭಯವನ್ನು ನನ್ನ ಕೈಗೇ ಕೊಟ್ಟರೆ ಹೇಗಾದರೂ ಹೊತ್ತುಕೊಳ್ಳುತ್ತೇನೆ. ನನ್ನ ಬೆನ್ನ ಹಿಂದೆ ಬೇರೆಯವರು ಹೊತ್ತು ತಿರುಗುವುದು ನನಗೆ ಆಗದು.

ಮತ್ತೆ ಕ್ಯಾಪ್ಸೂಲ್. ಮತ್ತೆ ಐದು ದಿನ. ಅಡುಗೆಗೆ ಅರಿಶಿನವಿಲ್ಲ, ಮನೆಯಲ್ಲಿ ಎಲ್ಲರಿಗೂ ಬಿಳಿ ಸಾರು. ಅತ್ತೆ ತಾವಾಗಿಯೇ ಚೀಲ ಬಿಚ್ಚಿ ದೇವರ ಗೂಡಿನಲ್ಲಿಟ್ಟರು. ಅದನ್ನು ಬಿಚ್ಚಿದ ಸೊಂಟ ಅವರಿಗೆ ಬೇರೆಯವರದು ಎನಿಸಿರಬೇಕು, ಪದೇ ಪದೇ ತಡವಿಕೊಳ್ಳುತ್ತಿದ್ದರು.

"ನಾನೇ ನಿನ್ನ ಕೊಲ್ತಿದ್ನೇನವ್ವ?" ಎಂದರು ಒಂದು ಮಧ್ಯಾಹ್ನ, ಅಕ್ಕಿ ಆರಿಸುತ್ತ.

ನನಗೆ ಊರ ಮೇಲೆಲ್ಲ ಕೋಪವಿತ್ತು, ಅವರ ಮೇಲೆ ಬರಲೊಲ್ಲದು. "ಹೆದ್ರಿಕೆ ಆಗ್ತೈತಾ ಅಂತ ಕೇಳ್ದೋರು ನೀವೊಬ್ರೇ ಕಣತ್ತೆ" ಎಂದೆ. ಅವರು ಮೊರದ ಮೇಲೆ ಬಗ್ಗಿ ಅಳುತ್ತ ಅಕ್ಕಿ ಆರಿಸಿದರು. ನನಗೂ ಅಳು ಬಂತು. ಮೊರದಲ್ಲಿ ಕಲ್ಲು ಹಾಗೇ ಉಳಿದು ಅವತ್ತಿನ ಅನ್ನ ಯಾರಿಗೂ ತಿನ್ನಲಾಗಲಿಲ್ಲ.

ಎರಡನೇ ಸಲ ಟ್ಯೂಬ್ ಇನ್ನೂ ಕಷ್ಟವಾಯಿತು. ಏನು ಬರುತ್ತದೆಂದು ಗೊತ್ತಿದ್ದರೆ ನೋವು ಕಡಿಮೆ ಎನ್ನುವುದು ಶುದ್ಧ ಸುಳ್ಳು. ಕಾಗದ ಒಣಗಿದ ಮೇಲೆ ನನ್ನನ್ನು ಬಿಟ್ಟು ಲ್ಯಾಂಪ್ ಹಾಕಬಾರದು ಎಂದು ಮೊದಲೇ ಹೇಳಿದ್ದೆ. ಗೋಡೆ ಹಿಡಿದುಕೊಂಡು ಕೋಣೆಗೆ ಹೋದೆ. ಇವರ ಕೈ ನನ್ನ ರಟ್ಟೆ ಹಿಡಿದಿತ್ತು, ನಾನು ಬಿಡಿಸಿಕೊಳ್ಳಲಿಲ್ಲ. ನೇರಳೆ ಬಿತ್ತು.

ಕಾಗದ ಕತ್ತಲೆಯಾಗಿಯೇ ಇತ್ತು.

ಡಾಕ್ಟರು ಅದನ್ನು ತಿರುಗಿಸಿ, ಓರೆ ಮಾಡಿ, ಮತ್ತೆ ನೋಡಿದರು. ಇಲ್ಲ. ಎಲ್ಲೂ ಇಲ್ಲ. "ಈ ಟೆಸ್ಟೊಂದನ್ನೇ ನಂಬಿ ಕೂರುವಂತಿಲ್ಲ. ಆದರೆ ಆಪರೇಷನ್ನಿಗೆ ಅವಸರವಿಲ್ಲ. ಹುಣ್ಣಿಗೆ ಔಷಧಿ ಕೊಡೋಣ, ಆಮೇಲೆ ಮತ್ತೆ ಬೇರಿಯಂ. ಹುಣ್ಣಾದರೆ ಕುಗ್ಗಿರಬೇಕು" ಎಂದರು. ಕ್ಷಮಿಸಿ ಎನ್ನಲಿಲ್ಲ. ಅದು ಅವರ ಪಠ್ಯಪುಸ್ತಕದಲ್ಲಿ ಇಲ್ಲವೇನೋ.

ಹಾಲು, ಅನ್ನ, ಸುಣ್ಣದ ರುಚಿಯ ಬಿಳಿ ಔಷಧಿ. ಮೆಣಸಿನಕಾಯಿಗೆ ದೂರದಿಂದಲೇ ಶರಣು. ಉರಿ ಮೆಲ್ಲಗೆ ಇಳಿಯಿತು. ಶಾಲೆಗೆ ಹೋದೆ. ಆದರೆ ಊರು ಸುಮ್ಮನಿರಬೇಕಲ್ಲ! ಟೀಚರಮ್ಮನ ಕ್ಯಾನ್ಸರ್ ಭಂಡಾರದಿಂದ ವಾಸಿಯಾಯಿತಂತೆ ಎಂದು ಹಬ್ಬಿತು. ಹೊಸದುರ್ಗದ ಕಡೆಯಿಂದ ಒಬ್ಬರು ಗಂಟಲು ಗಡ್ಡೆಯ ತಂದೆಯನ್ನು ಗಾಡಿ ಕಟ್ಟಿಸಿಕೊಂಡು ಕರೆತಂದು, ಅತ್ತೆಯ ಮುಂದೆ ಕೈಯೊಡ್ಡಿ ನಿಂತರು. ನಾನು ಹೊರಗೆ ಬಂದು ಬಾಯಿಗೆ ಬಂದಂತೆ ಬೈಯಲು ಉಸಿರೆಳೆದುಕೊಂಡೆ. ಅಷ್ಟರಲ್ಲಿ ಅತ್ತೆಯೇ ಮುದುಕನ ಹಣೆಗೆ ಭಂಡಾರ ಹಚ್ಚಿದರು. ಅವನು ಬಾಯಿ ತೆರೆದ. ಅವರು ಚೀಲದ ಬಾಯಿ ಕಟ್ಟಿದರು.

"ಬಾಯಿಗೆ ಬ್ಯಾಡಪ್ಪ. ಮೊದ್ಲು ದುರ್ಗಕ್ಕೆ ಹೋಗಿ ತೋರ್ಸು. ಡಾಕ್ಟ್ರು ಏನಂದ್ರು ಅಂತ ನಿಂಗೇ ಹೇಳಾಕೆ ಹೇಳು, ಮಗಂಗಲ್ಲ."

ಮೊನ್ನೆ ಬೇರಿಯಂಗೆ ಹೋಗಿದ್ದೆ. ಅದೇ ಸ್ಟೂಲು. ಡಾಕ್ಟರು ಬಂದರು, ಕೈ ತೊಳೆದರು, ರೂಢಿಯಂತೆ ನನ್ನ ತಲೆಯ ಮೇಲಿಂದ ಕೇಳಿದರು.

"ಏನೂ ತಿಂದಿಲ್ಲ ತಾನೇ?"

ಇವರು "ಇಲ್..." ಎಂದವರು ಅರ್ಧಕ್ಕೆ ನಿಲ್ಲಿಸಿದರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಅವ್ಳನ್ನೇ ಕೇಳ್ರಿ ಸಾರ್. ಹೊಟ್ಟೆ ಅವ್ಳದು."

ಡಾಕ್ಟರು ನನ್ನ ಕಡೆ ತಿರುಗಿದರು. ರಾತ್ರಿ ಹಾಲು ಅನ್ನ, ಬೆಳಗ್ಗೆ ನೀರೂ ಇಲ್ಲ, ಭಂಡಾರ ಹಣೆಗೆ ಮಾತ್ರ ಎಂದೆ. ಆಮೇಲೆ ಆ ಸುಣ್ಣದ ನೀರು ಕುಡಿದೆ. ಫಿಲ್ಮ್ ತೊಳೆದು ತಂದಾಗ ಇನ್ನೂ ಒದ್ದೆಯಿತ್ತು. ಅವರು ಅದನ್ನು ಕಿಟಕಿಗೆ ಹಿಡಿದು, ನನ್ನನ್ನು ಹತ್ತಿರ ಕರೆದರು. ಹಳೆಯದರಲ್ಲಿ ಹೆಬ್ಬೆರಳಷ್ಟಿದ್ದದ್ದು ಹೊಸದರಲ್ಲಿ ಹುಣಸೆ ಬೀಜದಷ್ಟಾಗಿತ್ತು. ಪೂರ್ತಿ ಹೋಗಿಲ್ಲ, ಇನ್ನೂ ನೋಡುತ್ತಿರಬೇಕು ಎಂದರು. ಆಗಲಿ ಎಂದೆ. ಗಾಡಿಯಲ್ಲಿ ಇವರು ಎಷ್ಟು ಕುಗ್ಗಿದೆ, ಏನಂದರು ಎಂದು ಎರಡೆರಡು ಸಲ ಕೇಳಿದರು. ಚಿಕ್ಕಜಾಜೂರು ಬರುವ ತನಕ ಕಾಯಿಸಿ, ಆಮೇಲೆ ಹೇಳಿದೆ.